ಕಲ್ಲಿಗೆ ಫಲಕ, ಮನುಷ್ಯರಿಗೆ ನೂರಿಪ್ಪತ್ತು

ಗದಗ ಸೀಮೆಯಲ್ಲಿ ಜನರಿಗಿಂತ ಮೊದಲು ಫೋಟೋಕ್ಕೆ ನಿಂತದ್ದು ಗುಡಿಗಳು. ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ಬಗ್ಗೆ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕಕ್ಕೆ ಪಿಗೌ, ನೀಲ್ ಎಂಬ ಇಬ್ಬರು ವೈದ್ಯರೂ ಬಿಗ್ಸ್ ಎಂಬ ಸೇನಾಧಿಕಾರಿಯೂ ಚಿತ್ರ ತೆಗೆದಿದ್ದರು. ಮುಂದೆ ಹೆನ್ರಿ ಕಸಿನ್ಸ್ 1926ರ ತನ್ನ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರದ ಗುಡಿಗಳನ್ನು ಚಿತ್ರಸಮೇತ ವಿವರಿಸಿದ. ಮೂರು ಕಾಲಿನ ಸ್ಟ್ಯಾಂಡ್, ರೀಲಿನ ಬದಲು ಒಂದೊಂದೇ ಫಲಕ ಹಾಕುವ, ಹೊರಲಾರದಷ್ಟು ದೊಡ್ಡ ಕ್ಯಾಮೆರಾ, ತಾಸುಗಟ್ಟಲೆ ತಯಾರಿ ಇವೆಲ್ಲ ಬೇಕಿದ್ದ ಕೆಲಸ ಅದು. ಕಲ್ಲಿಗೆ ಅವಸರವಿರಲಿಲ್ಲ. ಮನುಷ್ಯರಿಗಿತ್ತು.

ಅವರ ಪಾಲಿಗೆ ಬಂದದ್ದು 120 ನಂಬರಿನ ರೀಲು. 1901ರಲ್ಲಿ ಕೊಡಾಕ್ ತನ್ನ ಬ್ರೌನಿ ಡಬ್ಬಿ ಕ್ಯಾಮೆರಾಕ್ಕೆಂದು ಇದನ್ನು ತಂದಿತು. ಅಗಲ ಸುಮಾರು ಆರು ಸೆಂಟಿಮೀಟರ್. ಬೆನ್ನಿಗೆ ಕಾಗದದ ಪಟ್ಟಿ, ಅದರ ಮೇಲೆ ಅಚ್ಚಾದ ಅಂಕಿಗಳು. ಕ್ಯಾಮೆರಾದ ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿ ನೋಡಿಕೊಂಡು ರೀಲು ಸುತ್ತಬೇಕು. ಚೌಕ ಚಿತ್ರವಾದರೆ ಹನ್ನೆರಡು, ಉದ್ದನೆಯದಾದರೆ ಎಂಟು. 1929ರಲ್ಲಿ ಜರ್ಮನಿಯ ರೋಲಿಫ್ಲೆಕ್ಸ್ ಇದೇ ಜಾತಿಯ ರೀಲಿಗೆ ಎರಡು ಕಣ್ಣಿನ ಪೆಟ್ಟಿಗೆ ಮಾಡಿತು: ಮೇಲಿನ ಲೆನ್ಸು ನೋಡಲು, ಕೆಳಗಿನದು ಚಿತ್ರ ಹಿಡಿಯಲು. 1957ರ ಹೊತ್ತಿಗೆ ಜಪಾನಿನ ಯಾಶಿಕಾ ಮ್ಯಾಟ್ ಅದನ್ನೇ ಅಗ್ಗದಲ್ಲಿ ಕೊಟ್ಟಿತು.

ಈ ಕ್ಯಾಮೆರಾಗಳನ್ನು ಇಂದು ಹೊಗಳುವವರು ಚಿತ್ರದ ಸ್ಪಷ್ಟತೆಯನ್ನೇ ಮುಂದೆ ಮಾಡುತ್ತಾರೆ. ಅದು ನಿಜವೇ. ಚೌಕ ನೆಗೆಟಿವ್‌ನ ವಿಸ್ತಾರ 35 ಎಂಎಂ ನೆಗೆಟಿವ್‌ಗಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಆದರೆ ಸಣ್ಣ ಊರಿನ ಸ್ಟುಡಿಯೋದವನಿಗೆ ಇದು ಒಗ್ಗಿದ್ದಕ್ಕೆ ಬೇರೆ ಕಾರಣಗಳಿವೆ ಎಂದು ನನಗನ್ನಿಸುತ್ತದೆ. ಸಣ್ಣ ನೆಗೆಟಿವ್ ಹಿಗ್ಗಿಸಲು ಎನ್ಲಾರ್ಜರ್ ಬೇಕು, ಅದಕ್ಕೆ ಕರೆಂಟು ಬೇಕು. ನೂರಿಪ್ಪತ್ತರ ನೆಗೆಟಿವ್ ಅನ್ನು ಕಾಗದದ ಮೇಲೆ ಒತ್ತಿಟ್ಟು ಕಂದೀಲಿನ ಬೆಳಕು ತೋರಿಸಿದರೂ ಅಂಗೈಯಲ್ಲಿ ಹಿಡಿದು ನೋಡುವಂಥ ಫೋಟೋ ಸಿದ್ಧ. ಇನ್ನೊಂದು ಕಾರಣ ಪೆನ್ಸಿಲ್. ಆ ನೆಗೆಟಿವ್‌ನಲ್ಲಿ ಮುಖ ಎಷ್ಟು ದೊಡ್ಡದಾಗಿರುತ್ತಿತ್ತೆಂದರೆ ಚೂಪು ಪೆನ್ಸಿಲಿನಿಂದ ಸಿಡುಬಿನ ಕಲೆ ಮುಚ್ಚಬಹುದಿತ್ತು, ಕಣ್ಣಡಿಯ ಕಪ್ಪು ತಿಳಿಯಾಗಿಸಬಹುದಿತ್ತು. ಗಂಡಿನ ಕಡೆಯವರಿಗೆ ತೋರಿಸುವ ಫೋಟೋದಲ್ಲಿ ಈ ಕೈಚಳಕಕ್ಕೇ ಬೆಲೆ.

ಮದುವೆಗೂ ಅದು ಹೊಂದಿತು. ಲೆನ್ಸಿನೊಳಗೇ ಇರುವ ಶಟರ್ ಯಾವ ವೇಗದಲ್ಲೂ ಫ್ಲ್ಯಾಶಿಗೆ ಕೂಡಿಬರುತ್ತದೆ. ಫೋಟೋಗ್ರಾಫರ್ ಎದೆಮಟ್ಟದಲ್ಲಿ ಪೆಟ್ಟಿಗೆ ಹಿಡಿದು ತಲೆ ಬಗ್ಗಿಸಿ ನೋಡುತ್ತಿದ್ದ. ಗಾಜಿನ ಮೇಲೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು. ಬೀಗರಿಗೆ ನಮಸ್ಕಾರ ಮಾಡಿದಂತಿರುತ್ತಿತ್ತು ಆ ನಿಲುವು! ರೀಲಿಗೆ ಹನ್ನೆರಡೇ ಆದ್ದರಿಂದ ಯಾರನ್ನು ಬಿಡಬೇಕೆಂಬ ಲೆಕ್ಕ ಮೊದಲೇ ಆಗಬೇಕಿತ್ತು.

ವಿದೇಶಿ ಕ್ಯಾಮೆರಾ ದುಬಾರಿಯಾಗಿದ್ದ ದಿನಗಳಲ್ಲಿ ಬರೋಡಾದಲ್ಲಿ ತಯಾರಾದ, ಇದೇ 120 ರೀಲಿನ ಅಗ್ಫಾ ಕ್ಲಿಕ್-3 ಮನೆಮನೆಗೆ ಬಂತು. ಬಿಸಿಲಿದ್ದರೆ ಸಾಕು, ಚಿತ್ರ ಬಂತು. 1967ರಿಂದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ಕಪ್ಪು-ಬಿಳುಪು ರೀಲು ತಯಾರಿಸಿತು.

ಎಲ್ಲದಕ್ಕೂ ಒದಗುವ ಸಾಧನವಾಗಿರಲಿಲ್ಲ ಈ 120ರ ಕ್ಯಾಮೆರಾ. ಡಂಬಳದ ದೊಡ್ಡಬಸಪ್ಪ ಗುಡಿಯೆದುರು ಯಾಶಿಕಾ ಮೇಲಕ್ಕೆತ್ತಿದರೆ ನಕ್ಷತ್ರಾಕಾರದ ಆ ಗೋಪುರ ಹಿಂದಕ್ಕೆ ವಾಲುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಲು ಹಳೇ ಕಾಲದ ಫಲಕದ ಕ್ಯಾಮೆರಾನೇ ಬೇಕು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ 35 ಎಂಎಂ ಮತ್ತು ಉದ್ದ ಲೆನ್ಸೇ ಸರಿ. ಎಂಬತ್ತರ ದಶಕದಲ್ಲಿ ಬಣ್ಣದ ಲ್ಯಾಬುಗಳು ಹಬ್ಬಿದಾಗ 35 ಎಂಎಂ ಮದುವೆ ಮಂಟಪಕ್ಕೂ ನುಗ್ಗಿತು. 1986ರಲ್ಲಿ ಯಾಶಿಕಾ ತನ್ನ ಎರಡು ಕಣ್ಣಿನ ಕೊನೆಯ ಮಾದರಿಯನ್ನು ನಿಲ್ಲಿಸಿತು.

120 ರೀಲು ಮಾತ್ರ ಸತ್ತಿಲ್ಲ. ಇಲ್‌ಫರ್ಡ್, ಕೊಡಾಕ್ ಈಗಲೂ ತಯಾರಿಸುತ್ತಿವೆ. ನನ್ನ ಚಿಂತೆ ಹಳೇ ನೆಗೆಟಿವ್‌ಗಳದ್ದು. ಅವುಗಳಲ್ಲಿನ ಬೆಳ್ಳಿಗಾಗಿ ತೂಕದ ಮೇಲೆ ಕೊಳ್ಳುವವರಿದ್ದಾರೆ. ಉಳಿದವು ಸೆಕೆಗೆ ಹುಳಿವಾಸನೆ ಹೊಡೆದು ಸುರುಟಿಕೊಳ್ಳುತ್ತವೆ. ಗದಗ-ಬೆಟಗೇರಿಯಲ್ಲಾಗಲಿ ಮುಂಡರಗಿಯಲ್ಲಾಗಲಿ ನಿಮ್ಮ ಮನೆತನದ ಸ್ಟುಡಿಯೋ ಇದ್ದರೆ ಅಟ್ಟದ ಡಬ್ಬಿಗಳನ್ನು ಗುಜರಿಗೆ ಹಾಕುವ ಮೊದಲು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹೆಸರು, ವರ್ಷ ಗೊತ್ತಿದ್ದರೆ ಲಕೋಟೆಯ ಮೇಲೆ ಪೆನ್ಸಿಲಿನಲ್ಲೇ ಬರೆದಿಡಿ.