ಅಮೆರಿಕದ ಓದು: ಯಾರ ಹಣ, ಯಾವ ಷರತ್ತು?

ವಿದ್ಯಾದಾನ ದೊಡ್ಡದೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಆದರೆ ವಿದ್ಯೆ ಕಲಿಸುವುದು ಬೇರೆ, ಕಲಿಯಲು ಬಂದವನ ಊಟ ವಸತಿಗಳ ಭಾರ ಹೊರುವುದು ಬೇರೆ. ಈ ಎರಡನೆಯ ಕೆಲಸಕ್ಕೆ ನಮ್ಮಲ್ಲಿ ವಾರಾನ್ನವೆಂಬ ಏರ್ಪಾಡಿತ್ತು. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಓದುವ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳ ಅನ್ನ ಉಂಡು ಪರೀಕ್ಷೆ ದಾಟುತ್ತಿದ್ದ. ಅಲ್ಲಿಯೂ ಷರತ್ತು ಇಲ್ಲದೆ ಇರಲಿಲ್ಲ; ಆ ಬಾಗಿಲು ಬಹುಮಟ್ಟಿಗೆ ತಮ್ಮ ತಮ್ಮ ಜಾತಿಯ ಹುಡುಗನಿಗೇ ತೆರೆಯುತ್ತಿತ್ತು. ಕೊಡುವವರಿಗೆ ಒಂದು ಉದ್ದೇಶವಿರುತ್ತದೆ, ಪಡೆಯುವವನಿಗೆ ಇನ್ನೊಂದು. ಸಮುದ್ರ ದಾಟಿ ಅಮೆರಿಕಕ್ಕೆ ಓದಲು ಹೋದ ಪರದೇಶೀಯರ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ ಅನೇಕ ಸಂಗತಿಗಳು ಸ್ಪಷ್ಟವಾಗುತ್ತವೆ.

ಅಮೆರಿಕದ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮೊದಲ ಚೀನೀಯನೆಂದು ಹೆಸರಾದವನು ಯುಂಗ್ ವಿಂಗ್. ಆತ ಹುಟ್ಟಿದ್ದು 1828ರಲ್ಲಿ, ಮಕಾವಿನ ಹತ್ತಿರದ ಒಂದು ಹಳ್ಳಿಯಲ್ಲಿ. ಮಿಷನ್ ಶಾಲೆಯ ಉಪಾಧ್ಯಾಯರ ಜೊತೆ 1847ರಲ್ಲಿ ಅಮೆರಿಕಕ್ಕೆ ಹೋಗಿ ಮಾನ್ಸನ್ ಅಕಾಡೆಮಿಯಲ್ಲಿ ಓದಿದ. ಮುಂದೆ ಯೇಲ್ ಕಾಲೇಜು ಸೇರುವ ಆಸೆ, ಕೈಯಲ್ಲಿ ಕಾಸಿಲ್ಲ. ಅಕಾಡೆಮಿಯ ಧರ್ಮದರ್ಶಿಗಳ ಬಳಿ ಬಡ ವಿದ್ಯಾರ್ಥಿಗಳಿಗೆಂದು ನಿಧಿಯಿತ್ತು. ಆದರೆ ಅದನ್ನು ಪಡೆಯುವವನು ಓದು ಮುಗಿದ ಮೇಲೆ ಮತಪ್ರಚಾರಕನಾಗುತ್ತೇನೆಂದು ಬರೆದುಕೊಡಬೇಕಿತ್ತು. ಯುಂಗ್ ವಿಂಗ್ ಸ್ವತಃ ಕ್ರೈಸ್ತ. ಆದರೂ ಆತ ಬರೆದುಕೊಡಲಿಲ್ಲ. ಚೀನಕ್ಕೆ ಯಾವ ಬಗೆಯಲ್ಲಿ ಹೆಚ್ಚು ಉಪಕಾರವಾದೀತೆಂಬುದನ್ನು ಮುಂದೆ ತಾನೇ ನಿಶ್ಚಯಿಸಬೇಕೇ ಹೊರತು ಈಗಲೇ ತನ್ನನ್ನು ಕಟ್ಟಿಹಾಕಿಕೊಳ್ಳಲಾರೆ ಎಂಬುದು ಆತನ ನಿಲುವು. ಕೊನೆಗೆ ಸವಾನಾ ನಗರದ ಮಹಿಳಾ ಸಂಘವೊಂದು ನೆರವಾಯಿತು. ಸಾಲದುದಕ್ಕೆ ಸಹಪಾಠಿಗಳ ಊಟದ ಕ್ಲಬ್ಬಿಗೆ ಸಾಮಾನು ತಂದುಕೊಟ್ಟು, ಬಡಿಸಿ, ತನ್ನ ಊಟ ಸಂಪಾದಿಸಿಕೊಂಡ. 1854ರಲ್ಲಿ ಪದವೀಧರನಾದ.

ಆತನ ಪ್ರಯತ್ನದ ಫಲವಾಗಿ ಚೀನೀ ಸರ್ಕಾರ 1872ರಿಂದ 1875ರವರೆಗೆ ವರ್ಷಕ್ಕೆ 30ರಂತೆ 120 ಹುಡುಗರನ್ನು ತನ್ನ ಖರ್ಚಿನಲ್ಲಿ ಅಮೆರಿಕಕ್ಕೆ ಕಳುಹಿಸಿತು. ಈ ಹುಡುಗರು ಅಮೆರಿಕದ ವಿದ್ಯೆಯ ಜೊತೆಗೆ ಕನ್‌ಫ್ಯೂಷಿಯಸನ ಗ್ರಂಥಗಳನ್ನೂ ಬಿಡದೆ ಓದಬೇಕು, ಹಿಂತಿರುಗಿ ಸರ್ಕಾರದ ಸೇವೆ ಮಾಡಬೇಕು. ಹುಡುಗರೋ ಬೇಸ್‌ಬಾಲ್ ಆಡಿದರು. ಕೆಲವರು ಜಡೆ ಕತ್ತರಿಸಿದರು. ಸಂಪ್ರದಾಯಸ್ಥ ಅಧಿಕಾರಿಗಳು ಬೆದರಿದರು. 1881ರಲ್ಲಿ ಎಲ್ಲರಿಗೂ ಮರಳಿ ಬರಲು ಆಜ್ಞೆಯಾಯಿತು; ಬಹುಮಂದಿಯ ಓದು ಅರ್ಧಕ್ಕೇ ನಿಂತಿತು. ಅಷ್ಟರೊಳಗೆ ಯೇಲಿನಲ್ಲಿ ಪದವಿ ಮುಗಿಸಿದ್ದ ಇಬ್ಬರು ಮೂವರಲ್ಲಿ ಒಬ್ಬನಾದ ಝಾನ್ ಟಿಯನ್‌ಯೂ ಮುಂದೆ 1909ರ ಹೊತ್ತಿಗೆ ಪೆಕಿಂಗಿನಿಂದ ಕಾಲ್ಗನ್‌ವರೆಗಿನ ರೈಲುಮಾರ್ಗವನ್ನು ಕಟ್ಟಿಸಿ ಕೀರ್ತಿವಂತನಾದ.

ಚೀನದ ಇನ್ನೊಂದು ಕಥೆ ಇದಕ್ಕಿಂತ ವಿಚಿತ್ರ. 1900ರ ಬಾಕ್ಸರ್ ದಂಗೆಯ ತರುವಾಯ ವಿದೇಶೀ ರಾಷ್ಟ್ರಗಳು ಚೀನದ ಮೇಲೆ ಭಾರಿ ದಂಡ ಹೇರಿದವು. ತನ್ನ ಪಾಲಿಗೆ ಬಂದದ್ದು ನಿಜವಾದ ನಷ್ಟಕ್ಕಿಂತ ಹೆಚ್ಚೆಂದು ಅಮೆರಿಕ ಒಪ್ಪಿಕೊಂಡು, 1908ರಲ್ಲಿ ಹೆಚ್ಚುವರಿಯನ್ನು ಬಿಟ್ಟುಕೊಡಲು ಕಾಯಿದೆ ಮಾಡಿತು. ಆ ಹಣದಿಂದ ಚೀನೀ ವಿದ್ಯಾರ್ಥಿಗಳು ಅಮೆರಿಕದಲ್ಲಿ ಓದತಕ್ಕದ್ದೆಂದು ಏರ್ಪಾಡಾಯಿತು. 1909ರಲ್ಲಿ ಮೊದಲ ತಂಡ ಹೊರಟಿತು. ಹೊರಡುವವರನ್ನು ಸಿದ್ಧಗೊಳಿಸಲು 1911ರಲ್ಲಿ ತೆರೆದ ಶಾಲೆಯೇ ಇಂದಿನ ಸಿಂಗ್‌ಹುವಾ ವಿಶ್ವವಿದ್ಯಾಲಯ. ಉದಾರವಾದ ಕೆಲಸ, ಸಂದೇಹವಿಲ್ಲ. ಆದರೆ ವಿದ್ಯಾರ್ಥಿವೇತನವೆಂದು ಹಿಂದೆ ಬಂದದ್ದು ಚೀನದಿಂದಲೇ ವಸೂಲಾದ ಹಣ!

ನಮ್ಮವರ ಕಡೆ ತಿರುಗೋಣ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಸೀಮೆಯಲ್ಲಿ ಆಲೂಗೆಡ್ಡೆ ಬೆಳೆದು ಅನುಕೂಲವಂತರಾದ ಪಂಜಾಬಿ ರೈತ ಜ್ವಾಲಾ ಸಿಂಗ್ 1912ರಲ್ಲಿ ಗುರು ಗೋವಿಂದ ಸಿಂಗರ ಹೆಸರಿನಲ್ಲಿ ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದರು. ಭಾರತದಿಂದ ಹುಡುಗರು ಬಂದು ಬರ್ಕಲಿಯ ವಿಶ್ವವಿದ್ಯಾಲಯದಲ್ಲಿ ಓದಬೇಕು. ಜಾತಿ ಮತಗಳ ಭೇದವಿಲ್ಲ. ರಾಜರಲ್ಲ, ಮಿಷನ್ ಅಲ್ಲ. ಹೊಲದಲ್ಲಿ ಬೆವರು ಸುರಿಸಿದವರು ಕೊಟ್ಟ ಹಣವಿದು. ಅವರಿಗೂ ಉದ್ದೇಶವಿತ್ತು, ಅದು ದೇಶದ ಸ್ವಾತಂತ್ರ್ಯ. ಗದರ್ ಪಕ್ಷದ ಮುಂದಾಳಾಗಿ 1914ರಲ್ಲಿ ಸ್ವದೇಶಕ್ಕೆ ಹೊರಟ ಜ್ವಾಲಾ ಸಿಂಗರು ಬಂಧಿತರಾಗಿ ಅಂಡಮಾನ್ ಸೆರೆಮನೆ ಕಂಡರು.

ಮರುವರ್ಷ, 1913ರಲ್ಲಿ, ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಭೀಮರಾವ್ ಅಂಬೇಡ್ಕರ್ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಪ್ರತಿಯಾಗಿ ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ. 1916ರಲ್ಲಿ ಅವರು ಲಂಡನಿಗೆ ಬಂದರು. ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಅಲ್ಲಿಯ ಓದನ್ನು ನಡುವೆಯೇ ಬಿಟ್ಟು ಬರೋಡಕ್ಕೆ ಬರಬೇಕಾಯಿತು. ಕೊಟ್ಟ ಮಾತಿನಂತೆ ಕೆಲಸಕ್ಕೆ ಹಾಜರಾದವರಿಗೆ ಆ ಊರಿನಲ್ಲಿ ತಂಗಲು ಮನೆ ಸಿಗಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಇದ್ದರು. ಹನ್ನೊಂದನೆಯ ದಿನ ಕೋಲು ಹಿಡಿದವರು ಬಂದು ಅಲ್ಲಿಂದ ಹೊರಡಿಸಿದರು. ಷರತ್ತು ವಿದ್ಯಾರ್ಥಿಯ ಮೇಲಿತ್ತು. ಆ ಷರತ್ತನ್ನು ಪಾಲಿಸಲು ಬೇಕಾದ ಒಂದು ಕೋಣೆಯನ್ನು ಕೊಡುವ ಹೊಣೆ ಮಾತ್ರ ಯಾರದೂ ಆಗಲಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಸರ್ಕಾರಗಳ ಕಾಲ ಬಂತು. ಯುದ್ಧ ಮುಗಿದಾಗ ಪರದೇಶಗಳಲ್ಲಿ ಉಳಿದ ಅಮೆರಿಕದ ಸಾಮಗ್ರಿಯನ್ನು ಮಾರಿ ಬಂದ ಹಣವನ್ನು ವಿದ್ಯಾವಿನಿಮಯಕ್ಕೆ ಬಳಸಬೇಕೆಂದು ಸೆನೆಟರ್ ಫುಲ್‌ಬ್ರೈಟ್ ಸೂಚಿಸಿದರು. 1946ರಲ್ಲಿ ಅದು ಕಾಯಿದೆಯಾಯಿತು. ಭಾರತದೊಡನೆ ಒಪ್ಪಂದವಾದದ್ದು 1950ರ ಫೆಬ್ರವರಿಯಲ್ಲಿ. ಇಲ್ಲೊಂದು ತೊಡಕಿತ್ತು. ರೂಪಾಯಿಯಲ್ಲಿ ಪ್ರಯಾಣದ ಟಿಕೀಟು ಕೊಳ್ಳಬಹುದು, ಅಮೆರಿಕದ ಕಾಲೇಜಿನ ಶುಲ್ಕ ಕಟ್ಟಲಾಗದು. ಡಾಲರು ಒದಗಿಸಲು 1948ರ ಸ್ಮಿತ್–ಮುಂಟ್ ಕಾಯಿದೆ ನೆರವಿಗೆ ಬಂತು. ಮೈಸೂರಿನಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಪಾಠ ಹೇಳಿದ್ದ ಎ. ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಈ ಎರಡರ ಆಶ್ರಯದಲ್ಲಿಯೇ. 1973ರಲ್ಲಿ ಅವರ ಅನುವಾದದಿಂದ ಬಸವಣ್ಣ, ಅಲ್ಲಮ, ಮಹಾದೇವಿಯಕ್ಕರ ವಚನಗಳು ಇಂಗ್ಲಿಷ್ ಓದುಗರ ಕೈಸೇರಿದವು. ಅಮೆರಿಕದ ಸ್ನೇಹಪ್ರಚಾರಕ್ಕೆಂದು ಇಟ್ಟ ಹಣದಿಂದ ಕಲ್ಯಾಣದ ಮಾತು ಅಮೆರಿಕವನ್ನು ಮುಟ್ಟಿತು.

ಇಂದಿನ ಸ್ಥಿತಿ ಬೇರೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಅಮೆರಿಕದ ಕೇಂದ್ರಸರ್ಕಾರದ ಸಾಮಾನ್ಯ ಶಿಕ್ಷಣ ಸಹಾಯಧನವೂ ಸಾಲವೂ ದೊರೆಯವು. ನೆರವು ಬರುವುದು ಮುಖ್ಯವಾಗಿ ವಿಶ್ವವಿದ್ಯಾಲಯಗಳ ಸ್ವಂತ ನಿಧಿಯಿಂದ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್‌ಹರ್ಸ್ಟ್ ಮೊದಲಾದ ಬೆರಳೆಣಿಕೆಯ ಸಂಸ್ಥೆಗಳು ಮೊದಲ ಪದವಿಗೆ ಬರುವ ಪರದೇಶಿಯನ್ನು ಕೂಡ ಆತನ ಹಣದ ಚೀಲ ನೋಡದೆ ಆಯ್ದು, ಆಮೇಲೆ ಕೊರತೆ ತುಂಬುತ್ತವೆ. ಮಿಕ್ಕ ಅನೇಕ ಕಡೆ ನೆರವು ಕೇಳಿದ್ದೇ ಆಯ್ಕೆಗೆ ತೊಡಕಾಗಬಹುದು. ಮೇಲಿನ ವ್ಯಾಸಂಗಕ್ಕೆ ಹೋಗುವವರಲ್ಲಿ ಕೆಲವರಿಗೆ ಪಾಠ ಹೇಳುವ, ಪ್ರಯೋಗಶಾಲೆಯಲ್ಲಿ ದುಡಿಯುವ ಸಹಾಯಕ ಹುದ್ದೆ ಸಿಗುತ್ತದೆ. ಯಾರೇ ಆಗಲಿ, ವೀಸಾಕ್ಕೆ ಮುನ್ನ ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ಕಾಗದದಲ್ಲಿ ತೋರಿಸಲೇಬೇಕು. ಅದಕ್ಕಾಗಿ ಎಷ್ಟೋ ಮನೆಗಳು ಬ್ಯಾಂಕಿನಲ್ಲಿ ಅಡವು ಬೀಳುತ್ತವೆ.

ಹಿಂದಿನ ಷರತ್ತು ಓದಿದ ಮೇಲೆ ಏನು ಮಾಡುವೆ ಎಂದು ಕೇಳುತ್ತಿತ್ತು. ಈಗಿನದು ಓದುವ ಮೊದಲು ಏನಿದೆ ಎಂದು ಕೇಳುತ್ತದೆ. ಮೊದಲಿನದನ್ನು ಯುಂಗ್ ವಿಂಗನಂತೆ ನಿರಾಕರಿಸಿ ಬೇರೆ ದಾರಿ ಹುಡುಕಬಹುದಿತ್ತು. ಏನೂ ಇಲ್ಲದವನಿಗೆ ಎರಡನೆಯದನ್ನು ನಿರಾಕರಿಸುವ ದಾರಿಯೂ ಇಲ್ಲ. ಆದಕಾರಣ ಇಂದು ಪರದೇಶದ ಓದಿಗೆ ದತ್ತಿ ಇಡಬಲ್ಲ ನಮ್ಮ ಅನುಕೂಲಸ್ಥರು ಸ್ಟಾಕ್ಟನ್ನಿನ ಆಲೂಗೆಡ್ಡೆ ರೈತನನ್ನು ಒಮ್ಮೆ ನೆನೆಯುವುದು ಒಳ್ಳೆಯದು.