ಗ್ರೇಹೌಂಡ್ ನಾಯಿಗಳ ಆರೋಗ್ಯಪಾಲನೆ
ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಓಟದ ಪಂದ್ಯದಿಂದ ನಿವೃತ್ತವಾಗಿ ಮನೆ ಸೇರುವ ಗ್ರೇಹೌಂಡ್‌ಗಳ ರಕ್ತಪರೀಕ್ಷೆಯನ್ನು ಇತರ ನಾಯಿಗಳ ಅಳತೆಗೋಲಿನಿಂದ ಓದಬಾರದು. ಕೆಂಪು ರಕ್ತಕಣಗಳ ಪ್ರಮಾಣ ಸಹಜವಾಗಿಯೇ ಹೆಚ್ಚು. ಪ್ಲೇಟ್‌ಲೆಟ್, ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಕಡಿಮೆ. ಇದನ್ನರಿಯದೆ ಆರೋಗ್ಯವಂತ ನಾಯಿಗೂ ಥೈರಾಯ್ಡ್ ಮಾತ್ರೆ ಬರೆದುಕೊಡುವುದುಂಟು. ಥಯೋಪೆಂಟಾಲ್ ಅರಿವಳಿಕೆಯನ್ನು ಇವುಗಳ ಯಕೃತ್ತು ನಿಧಾನವಾಗಿ ಕರಗಿಸುವುದರಿಂದ ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ. ಬೇರೆ ಔಷಧವೇ ಲೇಸು. ಎಲ್ಲಕ್ಕಿಂತ ಭಯ ಹುಟ್ಟಿಸುವುದು ಮೂಳೆ ಕ್ಯಾನ್ಸರ್. ವಾಸಿಯಾಗದ ಕುಂಟುವಿಕೆಯನ್ನು ಬರೀ ಉಳುಕೆಂದು ಬಿಡದೆ ಎಕ್ಸ್‌ರೇ ತೆಗೆಸಬೇಕು. ಈ ಕ್ಯಾನ್ಸರಿಗಾಗಿ ಕಾಲು ಕತ್ತರಿಸಿದ ಮೇಲೂ ಹಲವು ನಾಯಿಗಳು ಮೂರೇ ಕಾಲಲ್ಲಿ ಚೆನ್ನಾಗಿ ಓಡಾಡುತ್ತವೆ, ಮಾಲೀಕರು ಅಂಜಿದಷ್ಟು ಕಷ್ಟವಾಗುವುದಿಲ್ಲ. ಒಸಡಿನ ರೋಗ, ಪಾದದ ಆಣಿ ಸಾಮಾನ್ಯ. ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಆದ್ದರಿಂದ ಮೆತ್ತನೆಯ ಹಾಸಿಗೆ, ಚಳಿಗಾಲಕ್ಕೆ ಹೊದಿಕೆಯಂಗಿ ಬೇಕೇ ಬೇಕು.