ಅಮಾನಿ: ನಂಬಿ ಒಪ್ಪಿಸಿದ ಆಸ್ತಿ

ಬೆಂಗಳೂರು ಪೂರ್ವ ತಾಲ್ಲೂಕಿನ ಕಚೇರಿ ಇರುವುದು ಕೆ.ಆರ್. ಪುರದಲ್ಲಿ. ಆ ತಾಲ್ಲೂಕಿನ ಹಳ್ಳಿಗಳ ಪಟ್ಟಿ ಓದುತ್ತ ಹೋದರೆ ‘ಅಮಾನಿ ಬೆಳ್ಳಂದೂರು ಖಾನೆ’, ‘ಬೆಳ್ಳಂದೂರು ಅಮಾನಿಕೆರೆ’ ಎಂಬ ಹೆಸರುಗಳು ಸಿಗುತ್ತವೆ. ತುಮಕೂರಿನಲ್ಲೂ ಅಮಾನಿಕೆರೆ ಇದೆ, ಕೋಲಾರದಲ್ಲೂ ಇದೆ. ಅಮಾನಿ ಎಂಬುದು ಯಾವುದೋ ಊರಿನ ಅಥವಾ ಕೆರೆ ಕಟ್ಟಿಸಿದವರ ಹೆಸರಿರಬೇಕು ಎಂದು ಅನೇಕರು ಭಾವಿಸುತ್ತಾರೆ. ಆದರೆ ಅದು ಆಡಳಿತದ ಪದ. ಒಂದು ಆಸ್ತಿಯನ್ನು ಆಳುವವರು ತಮ್ಮ ಕೈಗೆ ತೆಗೆದುಕೊಂಡಾಗ ಹೊತ್ತುಕೊಂಡ ಹೊಣೆ ಏನು ಎಂಬುದನ್ನು ಅದು ಇಂದಿಗೂ ಹೇಳುತ್ತಿದೆ.

ಪದದ ಮೂಲ ಅರಬ್ಬಿ. ಅಲಿಫ್, ಮೀಮ್, ನೂನ್ ಎಂಬ ಮೂರು ಅಕ್ಷರಗಳ ಧಾತುವಿಗೆ ಭದ್ರವಾಗಿರುವುದು, ನಂಬಿಕೆಗೆ ತಕ್ಕಂತಿರುವುದು ಎಂಬ ಅರ್ಥ. ಶಾಂತಿಗೆ ‘ಅಮನ್’, ಶ್ರದ್ಧೆಗೆ ‘ಈಮಾನ್’, ನಂಬಿಕಸ್ಥನಿಗೆ ‘ಅಮೀನ್’, ನಂಬಿ ಇನ್ನೊಬ್ಬರ ಕೈಯಲ್ಲಿಟ್ಟ ವಸ್ತುವಿಗೆ ‘ಅಮಾನತ್’. ಹೀಬ್ರೂ ಭಾಷೆಯೂ ಇದೇ ಮನೆತನದ್ದು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಪ್ರಾರ್ಥನೆ ‘ಆಮೆನ್’ ಎಂದು ಮುಗಿಯುತ್ತದೆ. ಅಲ್ಲಿಂದ ಕೂಗಳತೆಯ ಮಸೀದಿಗಳಲ್ಲಿ ದುವಾ ‘ಆಮೀನ್’ ಎಂದು ಮುಗಿಯುತ್ತದೆ. ಎರಡೂ ಈ ಧಾತುವಿನಿಂದಲೇ ಬಂದವು. ನಂಬಿ ಕೊಟ್ಟದ್ದನ್ನು ನುಂಗಿದರೆ ಅದು ‘ಅಮಾನತ್ ಮೇ ಖಯಾನತ್’. ಉರ್ದು ಆಡುವವರ ಮನೆಮಾತಿನಲ್ಲಿ ಇದಕ್ಕಿಂತ ದೊಡ್ಡ ಆರೋಪ ಕಡಿಮೆ.

ಪಾರಸಿ ಆಡಳಿತದ ಭಾಷೆಯ ಜೊತೆ ಈ ಪದ ದಕ್ಷಿಣಕ್ಕೆ ಬಂತು. ಆಗ ಕಂದಾಯ ಎತ್ತಲು ಎರಡು ದಾರಿಗಳಿದ್ದವು. ಇಂತಿಷ್ಟು ಹಣ ಕಟ್ಟುತ್ತೇನೆಂದು ಒಪ್ಪಿದವನಿಗೆ ವಸೂಲಿಯ ಹಕ್ಕನ್ನೇ ಬಿಟ್ಟುಕೊಡುವುದು ಇಜಾರೆ ಅಥವಾ ಗುತ್ತಿಗೆ. ನಡುವಿನವನಿಲ್ಲದೆ ಸರ್ಕಾರದ ನೌಕರರೇ ನಡೆಸುವುದು ಅಮಾನಿ. 1855ರಲ್ಲಿ ಎಚ್.ಎಚ್. ವಿಲ್ಸನ್ ಪ್ರಕಟಿಸಿದ ಕಂದಾಯ ಮತ್ತು ನ್ಯಾಯಾಡಳಿತದ ಪದಕೋಶ ಇನ್ನೂ ಒಂದು ಸೂಕ್ಷ್ಮವನ್ನು ದಾಖಲಿಸಿದೆ: ನಡುವೆ ಇದ್ದ ಜಮೀನ್ದಾರನಂಥವನನ್ನು ತೆಗೆದುಹಾಕಿದಾಗ ಅಥವಾ ತಡೆಹಿಡಿದಾಗ ಸರ್ಕಾರ ನೇರವಾಗಿ ರೈತನೊಡನೆ ವ್ಯವಹರಿಸುವ ಏರ್ಪಾಡಿಗೆ ಈ ಹೆಸರು ಮುಖ್ಯವಾಗಿ ಸಲ್ಲುತ್ತಿತ್ತು. ಅಂದರೆ ಅಮಾನಿಕೆರೆ ಎಂದರೆ ಯಾರಿಗೂ ಗುತ್ತಿಗೆ ಕೊಡದೆ ಸರ್ಕಾರ ತಾನೇ ನೋಡಿಕೊಳ್ಳುವ ಕೆರೆ.

ಅದರ ಸೋದರ ಪದ ಅಮಾನತು ಕನ್ನಡದಲ್ಲಿ ಬೇರೊಂದು ದಾರಿ ಹಿಡಿಯಿತು. ಠೇವಣಿ ಎಂಬ ಹಳೆಯ ಅರ್ಥ ಕೆಲವು ಕಡೆ ಉಳಿದಿದೆ. ಆದರೆ ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿರುವುದು ‘ಅಧಿಕಾರಿ ಅಮಾನತು’. ನೌಕರಿ ಹೋಗುವುದಿಲ್ಲ, ವಿಚಾರಣೆ ಮುಗಿಯುವ ತನಕ ಅಧಿಕಾರವನ್ನು ಎತ್ತಿಡಲಾಗುತ್ತದೆ. ನಂಬಿಕೆಗೆ ಪೆಟ್ಟು ಬಿದ್ದಾಗ ಅಧಿಕಾರವನ್ನು ತೆಗೆದು ಬೇರೆಡೆ ಜೋಪಾನವಾಗಿಡುವ ಕ್ರಮ ಅದು.

ನಮ್ಮ ಕಾಲದ ಒಂದು ದೊಡ್ಡ ಪ್ರಶ್ನೆಗೆ ಈ ಎರಡು ಪದಗಳಲ್ಲಿ ಉತ್ತರವಿದೆ. ಒಂದು ಕಂಪನಿ ನೀರು, ಗಾಳಿ, ನೆಲವನ್ನು ಹಾಳುಗೆಡವಿ ಅನಾಹುತ ತಂದಾಗ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಳ್ಳಬೇಕೇ?

1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಸರ್ಕಾರ ಆಗ ಕಂಪನಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. 1985ರ ಕಾಯ್ದೆಯಿಂದ ಅದು ತೆಗೆದುಕೊಂಡದ್ದು ಸಂತ್ರಸ್ತರ ಪರವಾಗಿ ದಾವೆ ಹೂಡುವ ಹಕ್ಕನ್ನು. ಆ ಹಕ್ಕು ನಿಜವಾದ ಅಮಾನತ್ತಾಗಿತ್ತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು, ಸಂತ್ರಸ್ತರನ್ನು ಕೇಳದೆಯೇ. ಕಾರ್ಖಾನೆಯ ಜಮೀನು 1998ರಲ್ಲಿ ಮಧ್ಯಪ್ರದೇಶ ಸರ್ಕಾರಕ್ಕೆ ಮರಳಿತು. ಅಲ್ಲಿ ಕೂಡಿಟ್ಟಿದ್ದ ಸುಮಾರು 337 ಟನ್ ವಿಷತ್ಯಾಜ್ಯ ಹೊರಗೆ ಸಾಗಿದ್ದು 2025ರ ಜನವರಿಯಲ್ಲಿ.

ಕಾನೂನಿಗೆ ಕೈ ಇಲ್ಲವೆಂದಲ್ಲ. ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುವಂತೆ ನಡೆಯುವ ಉದ್ಯಮದ ಆಡಳಿತವನ್ನು ವಹಿಸಿಕೊಳ್ಳುವ ಅಧಿಕಾರ 1951ರ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆಯಲ್ಲಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕಾರ್ಖಾನೆ ಮುಚ್ಚಿಸಬಹುದು, ನೀರು, ವಿದ್ಯುತ್ ಕಡಿಯಬಹುದು. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಲೆಕ್ಕದ ವಂಚನೆ ಹೊರಬಿದ್ದ ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರ ಅದರ ನಿರ್ದೇಶಕ ಮಂಡಳಿಯನ್ನು ಬದಿಗಿಟ್ಟು ಹೊಸಬರನ್ನು ನೇಮಿಸಿತು. ಏಪ್ರಿಲಿನೊಳಗೆ ಹೊಸ ಒಡೆಯರನ್ನೂ ಹುಡುಕಿತು. 2018ರಲ್ಲಿ ಐಎಲ್‌ಆಂಡ್‌ಎಫ್‌ಎಸ್ ಎಂಬ ಹಣಕಾಸು ಕಂಪನಿಯ ವಿಷಯದಲ್ಲೂ ಹೀಗೆಯೇ ಮಂಡಳಿ ಬದಲಾಯಿತು. ಹೂಡಿಕೆದಾರರ ಹಣಕ್ಕೆ ಕುತ್ತು ಬಂದಾಗ ಸರ್ಕಾರ ಚುರುಕಾಗಿ ಎದ್ದು ನಿಂತಿದೆ. ಬಾವಿಯ ನೀರಿಗೆ ಕುತ್ತು ಬಂದಾಗಲೂ ಅದೇ ಚುರುಕು ಇರಬೇಕು.

ಕರ್ನಾಟಕದಲ್ಲೇ ಅದಕ್ಕೊಂದು ಮಾದರಿಯಿದೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು; ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಲ್ಲೂ ನಿಲ್ಲಿಸಿತು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಬಿದ್ದಿದ್ದ ಅದಿರನ್ನು ಮಾಲೀಕರ ಬದಲು ಉಸ್ತುವಾರಿ ಸಮಿತಿ ಇ-ಹರಾಜಿನಲ್ಲಿ ಮಾರಿತು. ನೆಲವನ್ನು ಸರಿಪಡಿಸುವ ಯೋಜನೆಗೆ ಒಪ್ಪಿಗೆ ಪಡೆದ ಗಣಿಗಳಿಗಷ್ಟೇ ಮತ್ತೆ ಬಾಗಿಲು ತೆರೆಯಿತು. ಅತಿ ಹೆಚ್ಚು ತಪ್ಪು ಮಾಡಿದ ಸಿ ವರ್ಗದ ಗುತ್ತಿಗೆಗಳು 2013ರಲ್ಲಿ ರದ್ದಾದವು. ನಡುವಿನವನನ್ನು ತಡೆ, ಆಸ್ತಿಯನ್ನು ಕಾಪಾಡು, ಬಂದ ಹಣವನ್ನು ಗಾಯಗೊಂಡ ನೆಲಕ್ಕೆ ಮೀಸಲಿಡು: ಅಪ್ಪಟ ಅಮಾನಿ ಕ್ರಮವಿದು. ಆದರೆ ಮೀಸಲಿಟ್ಟ ಆ ಹಣ ವರ್ಷಗಟ್ಟಲೆ ಖರ್ಚಾಗದೆ ಉಳಿಯಿತು. ಧೂಳು ಕುಡಿದ ಹಳ್ಳಿಗಳು ಕಾಯುತ್ತಲೇ ಇದ್ದವು.

ಹಾಗಾದರೆ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿದರೆ ಸಾಕೇ? ಇದಕ್ಕೆ ಬೆಳ್ಳಂದೂರು ಅಮಾನಿಕೆರೆಯೇ ಉತ್ತರ ಕೊಡುತ್ತದೆ. ದಂಡು ಪ್ರದೇಶದ, ಹಲಸೂರು, ಇಂದಿರಾನಗರದ ಕಡೆಯ ರಾಜಕಾಲುವೆಗಳ ನೀರು ಹರಿದು ಸೇರುವುದು ಈ ಕೆರೆಗೆ. ಅದಕ್ಕೆ ಯಾವ ಖಾಸಗಿ ಒಡೆಯನೂ ಇಲ್ಲ. ಆದರೂ ಅದು ನೊರೆ ಉಕ್ಕಿಸಿತು, 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿಯಿತು, 2018ರ ಜನವರಿಯಲ್ಲಿ ಮತ್ತೆ ಉರಿದು ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಸುತ್ತಲಿನ ಕಾರ್ಖಾನೆಗಳನ್ನು ಮುಚ್ಚಿಸಲು ಹೇಳಿತು. ಕೆರೆಗೆ ಬರುತ್ತಿದ್ದ ಹೊಲಸಿನಲ್ಲಿ ಬಹುಪಾಲು ನಗರದ ಒಳಚರಂಡಿಯದ್ದು, ಅಂದರೆ ಸರ್ಕಾರಿ ಸಂಸ್ಥೆಗಳ ಹೊಣೆಯದ್ದು. ಅದಕ್ಕಾಗಿ 2018ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು, ಕೆರೆಯ ಕೆಲಸಕ್ಕೆ 500 ಕೋಟಿ ಪ್ರತ್ಯೇಕವಾಗಿಡಲು ಆದೇಶಿಸಿತು, ಉಸ್ತುವಾರಿಗೆ ಸಂತೋಷ್ ಹೆಗ್ಡೆಯವರ ಸಮಿತಿಯನ್ನೇ ನೇಮಿಸಿತು. ಅಮಾನಿ ಎಂಬ ಹೆಸರು ಹೊತ್ತ ಕೆರೆಯಲ್ಲೇ ಅಮಾನತ್ತಿಗೆ ದ್ರೋಹವಾಗಿತ್ತು.

ಇನ್ನೊಂದು ಎಚ್ಚರಿಕೆಯನ್ನು ದಂಡಿನ ಚರಿತ್ರೆಯೇ ಕೊಡುತ್ತದೆ. ಆಡಳಿತ ಕೆಟ್ಟಿದೆ ಎಂಬ ಕಾರಣ ಕೊಟ್ಟು ಬ್ರಿಟಿಷರು 1831ರಲ್ಲಿ ಮೈಸೂರನ್ನು ಕೈಗೆ ತೆಗೆದುಕೊಂಡರು. ಮರಳಿಸಿದ್ದು 1881ರಲ್ಲಿ, ಅದೂ ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮಲ್ಲೇ ಉಳಿಸಿಕೊಂಡು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಗಡುವಿಲ್ಲದೆ ಕೈಗೆ ತೆಗೆದುಕೊಂಡದ್ದು ಸುಲಭವಾಗಿ ವಾಪಸು ಬರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಅನಾಹುತ ಮಾಡಿದ ಕಂಪನಿಯ ಮಂಡಳಿಯನ್ನು ಅಮಾನತಿನಲ್ಲಿಡಬೇಕು, ಕಾರ್ಖಾನೆಯನ್ನು ಸರ್ಕಾರ ಅಮಾನಿಯಾಗಿ ವಹಿಸಿಕೊಳ್ಳಬೇಕು. ಅದಕ್ಕೆ ಗಡುವಿರಬೇಕು. ಶುಚಿಗೊಳಿಸುವ ಖರ್ಚು ಕಂಪನಿಯ ಆಸ್ತಿಯಿಂದಲೇ ಬರಬೇಕು. ಕಾರ್ಮಿಕರ ಸಂಬಳ ನಿಲ್ಲಬಾರದು. ಉಸ್ತುವಾರಿ ಸಮಿತಿಯಲ್ಲಿ ಆ ನೀರು ಕುಡಿಯುವ ಊರಿನವರಿಗೆ ಸ್ಥಾನವಿರಬೇಕು. ಆರು ತಿಂಗಳಿಗೊಮ್ಮೆ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕು. ನೈಸರ್ಗಿಕ ಸಂಪತ್ತಿಗೆ ಸರ್ಕಾರ ಬರಿಯ ಧರ್ಮದರ್ಶಿ ಎಂದು ಸುಪ್ರೀಂ ಕೋರ್ಟ್ 1996ರ ಕಮಲ್‌ನಾಥ್ ಪ್ರಕರಣದಲ್ಲಿ ಹೇಳಿದೆ. ನಮ್ಮ ಕಂದಾಯ ದಾಖಲೆಗಳು ಅದನ್ನು ಒಂದೇ ಪದದಲ್ಲಿ ಎಂದೋ ಬರೆದಿಟ್ಟಿದ್ದವು. ನಿಮ್ಮ ಊರಿನ ಪಹಣಿಯಲ್ಲೂ ಆ ಪದವಿದ್ದರೆ ಅದನ್ನು ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ ಲೆಕ್ಕ ಕೇಳಿ. ಒಪ್ಪಿಸಿದವರು ಕೇಳದಿದ್ದರೆ ಯಾವ ಅಮಾನತ್ತೂ ಉಳಿಯುವುದಿಲ್ಲ.